ಪಡಸಾಲೆಯ ಓದುಮನೆ: ಗೋಡೆ ಬಿಡದ ಕುರ್ಚಿಗಳು

ಧಾರವಾಡದ ಮಾಳಮಡ್ಡಿಯ ನಮ್ಮ ಹಳೆಯ ಮನೆಯ ಪಡಸಾಲೆಯನ್ನು ಓಣಿಯ ಹಿರಿಯರ ಓದುಮನೆಯಾಗಿಸುವ ಕೆಲಸದಲ್ಲಿ ಕೊನೆಗೂ ದೊಡ್ಡ ಗಂಟೊಂದು ಬಿಚ್ಚಿದೆ. ರಂಧಾ ಹೊಡೆದ, ಪಾಲಿಶ್ ಹಚ್ಚಿದ ವಿವರಗಳನ್ನು ಮರಗೆಲಸ ಬಲ್ಲವರಿಗೆ ಹೇಳಬೇಕಾಗಿಲ್ಲ. ಕಾಡಿದ್ದು ಬೇರೆಯೇ ಸಂಗತಿ: ರಾತ್ರಿ ಮೇಜಿನ ಸುತ್ತ ಇಟ್ಟ ಕುರ್ಚಿಗಳು ಮರುದಿನ ಹೊತ್ತೇರುವುದರೊಳಗೆ ಗೋಡೆಗುಂಟ ಸಾಲುಗಟ್ಟಿರುತ್ತಿದ್ದವು. ಹಾಗೆ ಸಾಲಾಗಿ ಕುಳಿತವರು ಪತ್ರಿಕೆ ಓದಿ, ಮಡಚಿಟ್ಟು, ಪಕ್ಕದವರೊಡನೆ ಒಂದು ಮಾತೂ ಆಡದೆ ಎದ್ದುಹೋಗುತ್ತಿದ್ದರು. ಮನೆಯಲ್ಲಿ ಒಬ್ಬರೇ ಇರುವವರು ನಾಲ್ಕು ಮಾತಾಡಲಿ ಎಂದೇ ಕಟ್ಟುತ್ತಿರುವ ಜಾಗದಲ್ಲಿ ಇದು ಸಣ್ಣ ತೊಡಕಲ್ಲ.

1950ರ ದಶಕದಲ್ಲಿ ಕೆನಡಾದ ಸಾಸ್ಕಾಚೆವಾನ್ ಪ್ರಾಂತದ ಆಸ್ಪತ್ರೆಯೊಂದರಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಸಾಮರ್ ಅವರಿಗೂ ಇದೇ ಎದುರಾಗಿತ್ತು. ವೃದ್ಧೆಯರ ವಾರ್ಡನ್ನು ಚೆಂದಗೊಳಿಸಿದ್ದರೂ ಕುರ್ಚಿಗಳು ಗೋಡೆಯುದ್ದಕ್ಕೂ ಇದ್ದುದರಿಂದ ಅಲ್ಲಿ ಮಾತೇ ಹುಟ್ಟುತ್ತಿರಲಿಲ್ಲ. ಅವುಗಳನ್ನು ಸಣ್ಣ ಮೇಜುಗಳ ಸುತ್ತ ಇಡಿಸಿ ಕೆಲವು ವಾರ ಕಾದಾಗ ಮಾತುಕತೆ ಹೆಚ್ಚುಕಡಿಮೆ ಇಮ್ಮಡಿಯಾಯಿತು; ಆದರೆ ಮೊದಮೊದಲು ಅಲ್ಲಿಯೂ ಕುರ್ಚಿಗಳು ಗೋಡೆಗೇ ಮರಳುತ್ತಿದ್ದವು. ಅಲ್ಲಿನ ಮನೋವೈದ್ಯ ಹಂಫ್ರಿ ಓಸ್ಮಂಡ್, ಜನರನ್ನು ಕೂಡಿಸುವ ಜಾಗ ಬೇರೆ, ದೂರವಿಡುವ ಜಾಗ ಬೇರೆ ಎಂದು ವಿಂಗಡಿಸಿದ್ದರು. ರೈಲು ನಿಲ್ದಾಣದ ನಿರೀಕ್ಷಣಾ ಕೊಠಡಿ ಎರಡನೆಯ ಬಗೆಯದು. ನಮ್ಮ ಪಡಸಾಲೆ ಆ ಕೊಠಡಿಯಂತಾಗಿತ್ತು.

ಕಸ ಗುಡಿಸುವ ಅಕ್ಕ ಅನುಕೂಲಕ್ಕೆಂದು ಕುರ್ಚಿಗಳನ್ನು ಸರಿಸುತ್ತಾರೆಂಬುದು ಬೇಗ ತಿಳಿಯಿತು. ಗುಡಿಸಿದ ಮೇಲೆ ಅವನ್ನು ಮರಳಿ ಇಡಲು ಅವರು ಒಪ್ಪಿದರು. ಆದರೂ ಬಂದವರು ತಾವೇ ಎಳೆದುಕೊಂಡು ಹೋಗುವುದು ನಿಲ್ಲಲಿಲ್ಲ. ಒಂದು ಸಂಜೆ ನಿವೃತ್ತ ಮಾಸ್ತರರನ್ನು ಗಮನಿಸಿದೆ: ಕುರ್ಚಿಯನ್ನು ತೇಗದ ಕಂಬದವರೆಗೆ ಜರುಗಿಸಿ, ಬೆನ್ನು ಕಂಬಕ್ಕೆ ತಗಲಿದ ಮೇಲೆ ತಲೆಬಾಗಿಲು ಕಣ್ಣಂಚಿಗೆ ಕಾಣುವಷ್ಟು ಓರೆಯಾಗಿ ತಿರುಗಿಸಿ, ಆಮೇಲೆಯೇ ಕನ್ನಡಕ ತೆಗೆದರು. ಕೇಳಿದ್ದಕ್ಕೆ, “ಬೆನ್ನ ಹಿಂದ ಯಾರು ಅಡ್ಡಾಡತಾರ ಗೊತ್ತಾಗದಿದ್ರ ಓದಾಕ ಮನಸ್ಸ ಹತ್ತಂಗಿಲ್ರಿ” ಎಂದರು. ತಾನು ಮರೆಯಲ್ಲಿದ್ದು ಸುತ್ತಲಿನದನ್ನು ನೋಡಬಲ್ಲ ತಾಣವನ್ನೇ ಮನುಷ್ಯ ಮೆಚ್ಚುತ್ತಾನೆ ಎಂದು ಭೂಗೋಳಶಾಸ್ತ್ರಜ್ಞ ಜೇ ಆ್ಯಪಲ್ಟನ್ 1975ರಲ್ಲಿ ವಾದಿಸಿದ್ದರು. ನಡುಮನೆಯ ಬಯಲಿನಲ್ಲಿಟ್ಟ ಕುರ್ಚಿಗೆ ಆ ಮರೆಯೇ ಇರಲಿಲ್ಲ.

ಹಾಗಾಗಿ ಎರಡೂ ಕಂಬಗಳಿಗೆ ಬೆನ್ನು ಕೊಟ್ಟು, ಭುಜದೆತ್ತರದ ಒರಗು ಇರುವ ಆಸನಗಳನ್ನು ಮೇಜಿನ ಮೂಲೆಯ ಎರಡು ಬದಿಗೆ ಬರುವಂತೆ ಮಾಡಿದೆ. ಊಟದ ಮೇಜಿನಲ್ಲಿ ಎದುರುಬದುರು ಅಥವಾ ಅಕ್ಕಪಕ್ಕ ಕುಳಿತವರಿಗಿಂತ ಮೂಲೆಯ ಎರಡು ಬದಿಗೆ ಕುಳಿತವರೇ ಹೆಚ್ಚು ಮಾತಾಡುತ್ತಾರೆಂದು ಸಾಮರ್ ಕಂಡುಕೊಂಡದ್ದು ಇಲ್ಲಿ ಕೈಹಿಡಿಯಿತು. ಮುಖ ನೋಡಬೇಕೆಂದರೆ ನೋಡಬಹುದು, ಬೇಡವೆಂದರೆ ಅಂಗಳ ನೋಡಬಹುದು. ಈ ವಾರ ಮಾಸ್ತರರೂ ಸಂಗಡದ ಕಾಕಾ ಒಬ್ಬರೂ ಜೋಳದ ದರದ ಮೇಲೆ ಎಷ್ಟು ಏರುದನಿಯಲ್ಲಿ ವಾದಿಸಿದರೆಂದರೆ ಅಡಿಗೆಮನೆಯಿಂದ ಅವ್ವ ಬಂದು ನೋಡಿ ಹೋದಳು. ನನಗಾದ ಸಂತೋಷಕ್ಕೆ ಪಾರವಿರಲಿಲ್ಲ.

ಕಟ್ಟಿಗೆಯ ವಿಷಯದಲ್ಲಿ ಮಾತ್ರ ಬೇಸರವಿದೆ. ಪೂರ್ತಿ ಒಣಗಿದ ಸಾಗವಾನಿ ಎಂದು ಹುಬ್ಬಳ್ಳಿಯ ಅಡ್ಡೆಯೊಂದರವರು ಕೊಟ್ಟದ್ದು ಒಳಗೆ ಹಸಿಯಾಗಿತ್ತು. ಒಣಗುತ್ತ ಕುಗ್ಗಿ, ಒಂದು ಆಸನದ ತೋಳಿನ ಜೋಡಣೆ ಸಡಿಲವಾಯಿತು. ಮಂಡಿನೋವಿನವರು ಏಳುವಾಗ ಮೈಭಾರವನ್ನೆಲ್ಲ ತೋಳಿನ ಮೇಲೆಯೇ ಬಿಡುತ್ತಾರೆ. ಬಿಚ್ಚಿ ಭದ್ರಪಡಿಸಿದ ಮೇಲೂ ಆ ಆಸನದ ಬಳಿ ಯಾರೂ ಸುಳಿಯಲಿಲ್ಲ; ಒಮ್ಮೆ ಅಲುಗಿದ್ದನ್ನು ಅಂಗೈ ಅಷ್ಟು ಬೇಗ ಮರೆಯುವುದಿಲ್ಲ. ಇನ್ನೊಂದು ಕಂಬದ ಆಸನದೊಡನೆ ಅದಲುಬದಲು ಮಾಡಿದ ಮೇಲಷ್ಟೇ ಅದರಲ್ಲಿ ಕೂರತೊಡಗಿದರು.

ಮುಂದಿನ ಕೆಲಸ ಬೀದಿಯ ಕಡೆಗಿನ ಕಟ್ಟೆ. ನ್ಯೂಯಾರ್ಕಿನ ಚೌಕಗಳನ್ನು ವರ್ಷಗಟ್ಟಲೆ ಗಮನಿಸಿದ ವಿಲಿಯಂ ವೈಟ್, ಕೂರಲು ಜಾಗವಿದ್ದಲ್ಲಿ ಜನ ಕೂರುತ್ತಾರೆ, ಒಂದರಿಂದ ಮೂರು ಅಡಿ ಎತ್ತರದ ಯಾವುದಾದರೂ ಸರಿ, ಎಂದು 1980ರಲ್ಲಿ ಬರೆದರು. ಒಳಗೆ ಬರಲು ಸಂಕೋಚಪಡುವವರು ಮೊದಲು ಹೊರಗೆ ಕೂರಲಿ. ಒಂದೂವರೆ ಅಡಿ ಎತ್ತರ, ಮೇಲೆ ಶಹಾಬಾದ ಫರಸಿ, ಹಿಂದೆ ಕಂಪೌಂಡ್ ಗೋಡೆಯ ಒರಗು ಎಂದು ನಕ್ಷೆ ಹಾಕಿದ್ದೇನೆ. ಬೇವಿನ ಬೇರು ಅಡ್ಡ ಬರುವಲ್ಲಿ ಕಟ್ಟೆಯನ್ನು ಬಳಸಿ ತಿರುಗಿಸಿದರೆ ಅಲ್ಲಿಯೇ ಒಂದು ಮೂಲೆ ಸಿಗುತ್ತದೆ.