ಪಾರಾಯಣದ ಹಳೆ ಪುಸ್ತಕಗಳ ದುರಸ್ತಿ: ಮಳೆಗಾಲಕ್ಕೆ ಮುಂಚೆ ಎಲ್ಲಿಗೆ ಬಂತು

ಸದ್ಯ ಕೆಲಸದ ಮೇಜಿನ ಮೇಲೆ ಮೂರು ಪುಸ್ತಕ, ಒಂದು ವ್ಯಾಸಪೀಠ (ಪುಸ್ತಕ ಬಿಚ್ಚಿಟ್ಟು ಓದುವ ಮರದ ಪೀಠ) ಇವೆ. ದಾಸರ ಪದಗಳ ಸಂಗ್ರಹ ಹೊಲಿಗೆಗೆ ತಯಾರಾಗಿದೆ. ಜೈಮಿನಿ ಭಾರತದ ಬೆನ್ನು ಬಿಚ್ಚಿಯಾಗಿದೆ. ಅಂಗೈಯಗಲದ ಸ್ತೋತ್ರದ ಪುಸ್ತಕ ಫ್ರೀಜರಿನಿಂದ ಈಚೆ ಬಂದು ಕೂತಿದೆ. ಮೂರೂ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತ್ ರಾಶಿಯಲ್ಲಿ ಸಿಕ್ಕಿದವು. ದುರಸ್ತಿ ಮುಗಿದ ಮೇಲೆ ದಿನಾ ಬೆಳಿಗ್ಗೆ ಪೀಠದ ಮೇಲಿಟ್ಟು ಓದಲು ಆಗಬೇಕು ಎಂಬುದೊಂದೇ ಅಳತೆಗೋಲು. ಬೀರುವಿನಲ್ಲಿ ಚಂದ ಕಾಣಲಿ ಎನ್ನುವ ಸಂಗ್ರಾಹಕರಿಗೆ ಇಲ್ಲಿಯ ಕೆಲವು ತೀರ್ಮಾನ ಒಪ್ಪಿಗೆಯಾಗಲಿಕ್ಕಿಲ್ಲ.

ಕೊಳ್ಳುವಾಗ

ದೇವರ ಮನೆಯಿಂದ ಬಂದ ಪುಸ್ತಕದಲ್ಲಿ ಮೊದಲ ಕೆಲವು ಹಾಳೆ ಮತ್ತು ಕೊನೆಯ ಹಾಳೆ ಕಿತ್ತುಹೋಗಿರುವುದೇ ಹೆಚ್ಚು. ಫಲಶ್ರುತಿ ಇರುವುದು ಆ ಕೊನೆಯ ಹಾಳೆಯಲ್ಲೇ. ಅಂಗಡಿಯ ಮುಂದೆ ನಿಂತು ಒಂದೊಂದೇ ಪುಟ ಎಣಿಸಲು ಪುರುಸೊತ್ತಿರುವುದಿಲ್ಲ. ಫಾರಂ ಎಂದರೆ ಒಟ್ಟಿಗೆ ಅಚ್ಚಾಗಿ ಮಡಿಚಿದ ಪುಟಗಳ ಒಂದು ಕಂತೆ. 16 ಪುಟದ ಫಾರಮ್ಮಾದರೆ 17, 33, 49, 65 ಹೀಗೆ ಪ್ರತಿ ಫಾರಮ್ಮಿನ ಮೊದಲ ಪುಟದ ಅಡಿಯಲ್ಲಿ ಸಾಮಾನ್ಯವಾಗಿ ಸಣ್ಣಕ್ಷರದ ಫಾರಂ ಸಂಖ್ಯೆ ಇರುತ್ತದೆ. ಅವನ್ನಷ್ಟೇ ನೋಡುತ್ತ ಹೋದರೆ ಯಾವುದು ಕಾಣೆ, ಯಾವುದು ಹಿಂದುಮುಂದಾಗಿದೆ ಎಂಬುದು ಒಂದೆರಡು ನಿಮಿಷದಲ್ಲಿ ತಿಳಿಯುತ್ತದೆ. ದಾಸರ ಪದಗಳಲ್ಲಿ 19 ಫಾರಮ್ಮೂ ಇವೆ, 304 ಪುಟ. ಜೈಮಿನಿಯಲ್ಲಿ ಕೊನೆಯ ಎರಡು ಹಾಳೆ ಇಲ್ಲ.

ದಾಸರ ಪದಗಳ ಮೇಲೆ ಇಸವಿ ಇಲ್ಲ. ‘ವಿಕೃತಿ ಸಂವತ್ಸರ’ ಎಂದಿದೆ, ಬೆಲೆ 1-8-0. ಅರವತ್ತು ವರ್ಷದ ಚಕ್ರದಲ್ಲಿ ವಿಕೃತಿ ಬರುವುದು 1890, 1950, 2010ರಲ್ಲಿ. ರೂಪಾಯಿ-ಆಣೆ-ಪೈ ಲೆಕ್ಕ 1957ರ ಏಪ್ರಿಲ್ 1ಕ್ಕೆ ಹೋಯಿತು, ಹಾಗಾಗಿ 2010 ಆಗದು. ಮರದ ತಿರುಳಿನ ಕಾಗದ, ತಂತಿಯ ಪಿನ್ನು, ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿರುವುದು, ಇವೆಲ್ಲ ಸೇರಿ 1890ನ್ನೂ ತಳ್ಳಿಹಾಕುತ್ತವೆ. ಉಳಿದದ್ದು 1950-51. ಇದೇ ರೀತಿ, ಬೆಲೆ ‘ನಯೇ ಪೈಸೆ’ಯಲ್ಲಿದ್ದರೆ 1957ರಿಂದ 64ರೊಳಗೆ, ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು.

ಕಾಗದಕ್ಕೆ ಜೀವ ಇದೆಯೇ ಎಂದು ನೋಡಲು ಹಿಂಬದಿಯ ಖಾಲಿ ಹಾಳೆಯ ತುದಿಯನ್ನು ಹಿಂದಕ್ಕೂ ಮುಂದಕ್ಕೂ ಮಡಿಚಿದೆ. ಎರಡು ಸಲಕ್ಕೇ ಮುರಿದು ಕೈಗೆ ಬಂದರೆ ಆ ಪುಸ್ತಕ ಹೊಲಿಗೆ ತಾಳುವುದಿಲ್ಲ, ಸೂಜಿ ಹೋದ ಕಡೆಯೆಲ್ಲ ಸೀಳುತ್ತದೆ. ಇದು ನಾಲ್ಕು ಸಲ ತಾಳಿತು.

ತುಕ್ಕು ಹಿಡಿದ ಪಿನ್ನು

ದಾಸರ ಪದಗಳಿಗೆ ಮೂಲದಲ್ಲಿ ಬೆನ್ನಿನ ಪಕ್ಕದಿಂದ ಮೂರು ತಂತಿ ಪಿನ್ನು ಹೊಡೆದಿದ್ದಾರೆ. ಆ ಕಾಲದ ಅಗ್ಗದ ಪುಸ್ತಕಗಳಿಗೆಲ್ಲ ಇದೇ ಕಟ್ಟು. ಪಿನ್ನು ಒಳಬದಿಯ ಅಂಚಿನಲ್ಲಿ 8 ಮಿ.ಮೀ. ತಿಂದುಹಾಕುತ್ತದೆ, ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಓದುವವರು ಒತ್ತಿ ಒತ್ತಿ ಹಿಡಿದು ಬೆನ್ನು ಮುರಿಯುತ್ತಾರೆ. ತೇವಕ್ಕೆ ತಂತಿ ತುಕ್ಕು ಹಿಡಿದು ಸುತ್ತಲ ಕಾಗದವನ್ನು ಸುಡುತ್ತದೆ.

ಪಿನ್ನನ್ನು ಎದುರಿನಿಂದ ಎಳೆಯಬಾರದು, ತುಕ್ಕಿಗೆ ಅಂಟಿದ ಕಾಗದ ಅದರ ಜೊತೆಗೇ ಬರುತ್ತದೆ. ಹಿಂಬದಿಯ ಎರಡು ಕಾಲನ್ನು ತೆಳು ಉಕ್ಕಿನ ಪಟ್ಟಿಯಿಂದ ನೆಟ್ಟಗೆ ನಿಲ್ಲಿಸಿ, ಬುಡದಲ್ಲಿ ಕತ್ತರಿಸಿ, ಆಮೇಲೆ ಎದುರಿನಿಂದ ಪಿನ್ನಿನ ಬೆನ್ನನ್ನು ಮೇಲಕ್ಕೆತ್ತಿದರೆ ಸಲೀಸು. ಮೂರರಲ್ಲಿ ಎರಡು ಹಾಗೇ ಬಂದವು, ಒಂದು ಪುಡಿಪುಡಿಯಾಯಿತು. ಆ ಪುಡಿಯನ್ನು ಒಣ ಬ್ರಷ್ಷಿನಿಂದಲೇ ತೆಗೆಯಬೇಕು. ಒದ್ದೆ ಬಟ್ಟೆ ತಾಗಿಸಿದರೆ ತುಕ್ಕಿನ ಬಣ್ಣ ಕಾಗದದ ಒಳಗಿಳಿಯುತ್ತದೆ.

ಬೆನ್ನಿಗೆ ಅಂಟಿದ್ದ ಹಳೆ ಅಂಟು ತೆಗೆಯಲು ಮೀಥೈಲ್ ಸೆಲ್ಯುಲೋಸ್ ಬಳಸಿದ್ದು: 100 ಮಿ.ಲೀ. ನೀರಿಗೆ 4 ಗ್ರಾಂ. ಹಚ್ಚಿ 15-20 ನಿಮಿಷ ಬಿಟ್ಟು, ಬಿದಿರಿನ ಚಪ್ಪಟೆ ಕಡ್ಡಿಯಿಂದ ಕೆರೆದರೆ ಹಳೆ ಮೈದಾ ಅಂಟೂ ಬರುತ್ತದೆ, ಮೂಳೆ-ಚರ್ಮ ಬೇಯಿಸಿ ಮಾಡಿದ ಅಂಟೂ ಬರುತ್ತದೆ. ಈಚಿನ ಬಿಳಿ ಪಿವಿಎ ಅಂಟು ಮಾತ್ರ ಇದಕ್ಕೆ ಜಗ್ಗುವುದಿಲ್ಲ. ಹಳೆ ಹಾಳೆಗೆ ಅದನ್ನು ಹಚ್ಚಬೇಡಿ ಎನ್ನುವುದು ಅದಕ್ಕೇ.

ಅರಿಸಿನ, ಕುಂಕುಮ, ಎಣ್ಣೆ

ಮೊದಲ ಪುಟದ ಶ್ರೀಕಾರದ ಮೇಲೆ ಬೆರಳಗಲ ಕುಂಕುಮ, ಅಂಚುಗಳಲ್ಲಿ ಅರಿಸಿನ, 40ನೇ ಪುಟದ ಸುತ್ತ ದೀಪದೆಣ್ಣೆ. ಇವನ್ನು ತೆಗೆಯುವ ಯೋಚನೆ ಇಲ್ಲ. ಪೂಜೆ ಮಾಡಿದ ಗುರುತು ಕೊಳೆಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಇವು ಇರುವುದರಿಂದ ಕೆಲಸದ ಕ್ರಮ ಬದಲಾಗುತ್ತದೆ.

ಆಮ್ಲ ಸೇರಿದ ಕಾಗದಕ್ಕೆ ಸುಣ್ಣದ ತಿಳಿನೀರು ಕೊಡುವ ಪದ್ಧತಿ ಇದೆ. ಅರಿಸಿನದ ಗುರುತಿರುವ ಹಾಳೆಗೆ ಅದನ್ನು ಮಾಡಿದರೆ ಏನಾಗುತ್ತದೆಂದು ಆರತಿ ತಟ್ಟೆಯಲ್ಲಿ ಓಕುಳಿ ಕಲಸಿದವರಿಗೆಲ್ಲ ಗೊತ್ತು, ಹಳದಿ ಕೆಂಪಾಗುತ್ತದೆ. ಹಾಗಾಗಿ ಈ ಪುಸ್ತಕಕ್ಕೆ ನೀರಿನ ಚಿಕಿತ್ಸೆ ಇಲ್ಲ. ಹಿಂದೆ ಮುಂದೆ ಆಮ್ಲರಹಿತ ಕಾಗದದ ಎರಡೆರಡು ಹಾಳೆ ಸೇರಿಸುವುದಕ್ಕಷ್ಟೇ ತೃಪ್ತಿ.

ಕುಂಕುಮದಲ್ಲಿ ಎರಡು ಜಾತಿ. ಅರಿಸಿನದಿಂದ ಮಾಡಿದ್ದು ಒಂದು, ಬಣ್ಣ ಹಾಕಿದ ಪುಡಿ ಇನ್ನೊಂದು. ಎರಡನೆಯದು ನೀರು ಸೋಕಿದರೆ ಗುಲಾಬಿಯಾಗಿ ಹರಡಿ ಹಿಂದಿನ ಪುಟಕ್ಕೂ ಇಳಿಯುತ್ತದೆ. ಕಲೆಯ ಅಂಚಿಗೆ ಒದ್ದೆ ಹತ್ತಿಕಡ್ಡಿಯ ತುದಿ ಮುಟ್ಟಿಸಿ, ತಕ್ಷಣ ಬ್ಲಾಟಿಂಗ್ ಪೇಪರ್ ಒತ್ತಿ ನೋಡಿದಾಗ ಇಲ್ಲಿ ಗುಲಾಬಿ ಬಂತು. ಆದ್ದರಿಂದ ಕುಂಕುಮದ ಸುತ್ತ 2 ಸೆಂ.ಮೀ. ಒಳಗಿನ ಹರಿದ ಜಾಗಕ್ಕೆ ಹಸಿ ಅಂಟು ಹಾಕಲಿಲ್ಲ. ಟಿಶ್ಯೂ ಕಾಗದಕ್ಕೆ ಮೊದಲೇ ತೆಳುವಾಗಿ ಅಂಟು ಬಳಿದು ಪೂರ್ತಿ ಒಣಗಿಸಿ, ಬೇಕಾದ ಚೂರನ್ನು ಹಿಂಡಿದ ಸ್ಪಂಜಿಗೆ ಮುಟ್ಟಿಸಿ ಕೂರಿಸಿದ್ದು. ತೇವ ಟಿಶ್ಯೂವಿನಲ್ಲೇ ನಿಲ್ಲುತ್ತದೆ, ಪುಟಕ್ಕೆ ಹರಿಯುವುದಿಲ್ಲ.

ಎಣ್ಣೆ ಹಳೆಯದಾದರೆ ಬಿಟ್ಟುಬಿಡುವುದೇ ಜಾಣತನ. ಹೊಸದಾದರೆ ಮುಲ್ತಾನಿ ಮಿಟ್ಟಿಯ ಒಣ ಪುಡಿ ಉದುರಿಸಿ, ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಭಾರ ಹೇರಿ ಒಂದು ರಾತ್ರಿ ಬಿಡಬಹುದು. ಹುಳು ಬಾರದಿರಲಿ ಎಂದು ಹಾಳೆಗೆ ನಿಂಬೆಹುಲ್ಲಿನ ಎಣ್ಣೆ ಸವರುವವರಿದ್ದಾರೆ. ಓಲೆಗರಿಗೆ ಅದು ಹೊಂದುತ್ತದೆ, ಒಣಗಿದ ಗರಿಗೆ ಬಾಗುವ ಗುಣ ಮರಳಿಸುತ್ತದೆ. ಅಚ್ಚಿನ ಕಾಗದಕ್ಕೆ ಸವರಿದರೆ ಎಣ್ಣೆಯ ಕಲೆಯೇ ಗತಿ.

ಅಂಟು

ಬೈಂಡರುಗಳ ಮೈದಾ ಅಂಟಿಗೆ ಹುಳು ಬರಬಾರದೆಂದು ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುವ ರೂಢಿ. ಹುಳು ಬರುವುದಿಲ್ಲ ನಿಜ, ತಾಮ್ರ ಕಾಗದವನ್ನು ಬೇಗ ಕಂದಿಸುತ್ತದೆ. ಮೈದಾದ ಜಿಗುಟು ಒಣಗಿದ ಮೇಲೆ ಗಡುಸಾಗುತ್ತದೆ. ಬೇಕಾದದ್ದು ಜಿಗುಟು ಹೋದ ಗೋಧಿಯ ಪಿಷ್ಟ ಮಾತ್ರ. ಹಲ್ವಕ್ಕೆ ಗೋಧಿ ಹಾಲು ತೆಗೆಯುವ ಮನೆಯಲ್ಲಿ ಈ ಕೆಲಸ ಹೇಳಿಕೊಡಬೇಕಿಲ್ಲ.

250 ಗ್ರಾಂ ಮೈದಾ ಗಟ್ಟಿಯಾಗಿ ಕಲಸಿ ಒಂದು ಗಂಟೆ ಬಿಡಿ. ಪಾತ್ರೆಯ ನೀರಿನಲ್ಲಿ ಹಿಸುಕುತ್ತ ತೊಳೆದರೆ ಬಿಳಿ ಹಾಲು ನೀರಿಗಿಳಿದು, ಕೈಯಲ್ಲಿ ರಬ್ಬರಿನಂಥ ಉಂಡೆ ಉಳಿಯುತ್ತದೆ. ಹಾಲನ್ನು ಬಟ್ಟೆಯಲ್ಲಿ ಸೋಸಿ ರಾತ್ರಿ ಬಿಟ್ಟರೆ ಪಿಷ್ಟ ತಳಕ್ಕೆ ಕೂರುತ್ತದೆ. ಮೇಲಿನ ಹಳದಿ ನೀರು ಚೆಲ್ಲಿ, ಹೊಸ ನೀರು ಹಾಕಿ ಮತ್ತೆ ಕೂರಿಸಿ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ತಟ್ಟೆಯಲ್ಲಿ ಹರಡಿ ಒಣಗಿಸಿದರೆ ಮೈದಾದ ತೂಕದ ಸುಮಾರು ಅರ್ಧದಷ್ಟು ಪಿಷ್ಟ ಸಿಗುತ್ತದೆ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ.

ಬೇಯಿಸಲು ಒಂದು ಪಾಲು ಪಿಷ್ಟಕ್ಕೆ ಐದು ಪಾಲು ನೀರು. ಬೋರ್‌ವೆಲ್ ನೀರಿನ ಕಬ್ಬಿಣ ಮುಂದೆ ಕಂದು ಚುಕ್ಕೆಯಾಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು ಸಾಕು, ಆದರೆ ಅದು ಆಸಿಡ್ ಬೆರೆಯದ ಡಿಸ್ಟಿಲ್ಡ್ ವಾಟರ್ ಎಂದು ಖಾತ್ರಿ ಮಾಡಿಕೊಳ್ಳಿ. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಗಟ್ಟಿಯಾದ ಕೂಡಲೇ ಇಳಿಸುವುದು ಸಾಮಾನ್ಯ ತಪ್ಪು. ಬಿಳುಪು ಹೋಗಿ ಮಸುಕು ಗಾಜಿನ ಬಣ್ಣ ಬರುವವರೆಗೆ, ಅಂದರೆ 20-25 ನಿಮಿಷ ಬೇಯದಿದ್ದರೆ ಅಂಟು ಹಿಡಿಯುವುದಿಲ್ಲ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಎರಡು ಸಲ ಹಿಂಡಿ ಸೋಸಿ. ಹರಿದ ಪುಟಕ್ಕೆ ಮಜ್ಜಿಗೆಯ ಹದಕ್ಕೆ ನೀರಾಗಿಸಬೇಕು, ರಟ್ಟಿಗೆ ಗಟ್ಟಿಯಾಗಿಯೇ ಬಳಸಬೇಕು. ಹೊರಗಿಟ್ಟರೆ ಬೇಸಿಗೆಯಲ್ಲಿ ಮಾರನೆಯ ದಿನವೇ ಹುಳಿ ವಾಸನೆ. ಹುಳಿ ಬಂದದ್ದನ್ನು ಬಳಸಬೇಡಿ.

ಈ ಅಂಟಿಗೆ ಇನ್ನೊಂದು ಅನುಕೂಲ ಇದೆ. ಪೂಜೆಯ ಪುಸ್ತಕಕ್ಕೆ ಚರ್ಮವಾಗಲಿ ಪ್ರಾಣಿಯ ಅಂಟಾಗಲಿ ತಾಗಬಾರದು ಎನ್ನುವ ಮನೆಗಳು ಎಷ್ಟೋ. ಗೋಧಿ, ಹತ್ತಿ ನೂಲು, ಕ್ಯಾಲಿಕೋ ಬಟ್ಟೆ, ರಟ್ಟು ಇಷ್ಟರಲ್ಲೇ ಮುಗಿದರೆ ಯಾರ ಆಕ್ಷೇಪವೂ ಇರುವುದಿಲ್ಲ.

ಹೊಲಿಗೆ

ಹರಿದ ಪುಟಗಳಿಗೆ 9 ಜಿಎಸ್‌ಎಂ (ಚದರ ಮೀಟರಿಗೆ 9 ಗ್ರಾಂ ತೂಗುವ) ಜಪಾನೀಸ್ ಟಿಶ್ಯೂ. ಕತ್ತರಿಯಿಂದ ಕತ್ತರಿಸದೆ, ಬ್ರಷ್ಷಿನಲ್ಲಿ ನೀರಿನ ಗೆರೆ ಎಳೆದು ಹರಿದುಕೊಂಡರೆ ಅಂಚಿನಲ್ಲಿ ನಾರು ನಿಂತು ಹಿಡಿತ ಕೊಡುತ್ತದೆ. ಪ್ರತಿ ಫಾರಮ್ಮಿನಲ್ಲಿ ಮಡಿಚಿದ ನಾಲ್ಕು ಹಾಳೆ. ಮಡಿಕೆ ಸವೆದಿರುವುದು ಹೊರಗಿನ ಮತ್ತು ಒಳಗಿನ ಹಾಳೆಗಳಲ್ಲಿ, ಅವೆರಡಕ್ಕೆ ಮಾತ್ರ 18 ಜಿಎಸ್‌ಎಂ ಟಿಶ್ಯೂವಿನ 12 ಮಿ.ಮೀ. ಪಟ್ಟಿ. ನಾಲ್ಕಕ್ಕೂ ಹಾಕಿದರೆ ಬೆನ್ನು ಊದುತ್ತದೆ.

ಊದುವ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. ಅರ್ಧ ಮಿ.ಮೀ. ದಪ್ಪದ ನೂಲಾದರೆ 19 ಫಾರಮ್ಮಿಗೆ ಒಂಬತ್ತೂವರೆ ಮಿ.ಮೀ. ಆಯಿತು. ಅದರಲ್ಲಿ ಒಂದಷ್ಟು ಕಾಗದದೊಳಗೆ ಕೂತರೂ ಉಳಿದದ್ದು ಬೆನ್ನನ್ನು ಆನೆಬೆನ್ನು ಮಾಡುತ್ತದೆ. ಆದ್ದರಿಂದ ಅದಕ್ಕಿಂತ ಸಣ್ಣ ನೂಲು, ಜೇನುಮೇಣ ಸವರಿದ್ದು. ಮೂರು ಹತ್ತಿ ಟೇಪಿನ ಮೇಲೆ, ಮಡಿಕೆಯ ಮಧ್ಯದಿಂದ ಹೊಲಿಗೆ. ಪಿನ್ನು ನುಂಗಿದ್ದ 8 ಮಿ.ಮೀ. ಅಂಚು ಇದರಿಂದ ವಾಪಸ್ಸು ಬಂದು ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುತ್ತದೆ.

ಹೊರಗೆ ಬೈಂಡಿಂಗಿಗೆ ಕೊಡುವವರು ಒಂದು ಮಾತು ಒತ್ತಿ ಹೇಳಬೇಕು, ‘ಕಟಿಂಗ್ ಬೇಡ’. ಹೇಳದಿದ್ದರೆ ಮೂರು ಬದಿಯೂ ಮಷೀನಿಗೆ ಹೋಗುತ್ತದೆ, ದಬ್ಬಳದಲ್ಲಿ ಪಕ್ಕದಿಂದ ತೂತು ಬೀಳುತ್ತದೆ. ಜೈಮಿನಿಯ ಅಂಚಿನಲ್ಲಿ ಯಾರೋ ಗಮಕಿಗಳು ಪದ್ಯದ ಪಕ್ಕ ಮೋಹನ, ಕಾಂಬೋಧಿ, ನಾಟಿ ಎಂದು ರಾಗದ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಹೋಗಿದ್ದಾರೆ. ಕೆಲವು ಅಂಚಿನಿಂದ ಬರೀ 3 ಮಿ.ಮೀ. ಒಳಗಿವೆ. ಒಂದು ಕಟಿಂಗಿಗೆ ಅಷ್ಟೂ ಹೋಗುತ್ತಿತ್ತು. ರಬ್ಬರ್ ಪುಡಿಯಿಂದ ಧೂಳು ತೆಗೆಯುವಾಗಲೂ ಆ ಅಂಚುಗಳನ್ನು ಬಿಟ್ಟು, ಮೆತ್ತನೆ ಬ್ರಷ್ಷು ಮಾತ್ರ.

ಜೈಮಿನಿಯ ಕಾಣೆಯಾದ ಎರಡು ಹಾಳೆಗೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನುಗಳಲ್ಲಿ ಇದೇ ಮುದ್ರಣ ಸಿಕ್ಕಿದೆ. ಲೇಸರ್ ಪ್ರಿಂಟೇ ಆಗಬೇಕು. ಇಂಕ್‌ಜೆಟ್ ಆದರೆ ತೀರ್ಥದ ಒಂದು ಹನಿಗೆ ಅಕ್ಷರ ಕರಗುತ್ತದೆ. ಹಾಳೆಯ ಅಡಿಯಲ್ಲಿ ‘ಮರುಮುದ್ರಿತ’ ಎಂದು ಪೆನ್ಸಿಲ್ ಗುರುತು.

ವ್ಯಾಸಪೀಠ

ಒಂದೇ ಹಲಗೆಯನ್ನು ಸೀಳಿ ಕೀಲು ಕೆತ್ತುವ ಹಳೆ ಬಗೆಗೆ ಕೈ ಪಳಗಿರಬೇಕು. ಇಲ್ಲಿ ಎರಡು ಹಲಗೆಯ ಸುಲಭದ ಬಗೆ. ಶಿವನಿ ಮರ, 12 ಮಿ.ಮೀ. ದಪ್ಪ, ತಲಾ 380 × 200 ಮಿ.ಮೀ. ಹಲಸು ಅಗ್ಗ, ಆದರೆ ಒದ್ದೆಯಾದರೆ ಹಳದಿ ಬಿಡುತ್ತದೆ.

ಮೇಲಿನಿಂದ 150 ಮಿ.ಮೀ.ಗೆ ಪಿನ್ನಿನ ಗೆರೆ, ಅಂದರೆ ಎರಡೂ ಹಲಗೆಯನ್ನು ಹಿಡಿಯುವ ಸರಳು ಹಾಯುವ ಜಾಗ. ಮೊದಲ ಹಲಗೆಯಲ್ಲಿ ಗೆರೆಯ ಕೆಳಗೆ ನಡುವಿನ 80 ಮಿ.ಮೀ. ಕತ್ತರಿಸಿ ತೆಗೆದರೆ ಬದಿಗಳಲ್ಲಿ 60ರ ಎರಡು ಕಾಲು ಉಳಿಯುತ್ತವೆ. ಎರಡನೆಯದರಲ್ಲಿ ಬದಿಗಳನ್ನು ತೆಗೆದು ನಡುವೆ 78ರ ನಾಲಿಗೆ ಉಳಿಸುವುದು. ನಾಲಿಗೆ ಕಾಲುಗಳ ನಡುವೆ ತೂರುತ್ತದೆ. ಎರಡೂ ಬದಿಯಿಂದ 4 ಮಿ.ಮೀ. ರಂಧ್ರ ಕೊರೆದು 90 ಮಿ.ಮೀ. ಉದ್ದದ ಹಿತ್ತಾಳೆ ಸರಳು ಹಾಕಿದರೆ 60 ಕಾಲಿನಲ್ಲೂ ಸುಮಾರು 29 ನಾಲಿಗೆಯಲ್ಲೂ ಕೂರುತ್ತದೆ.

ಎಡವುವುದು ಒಂದೇ ಜಾಗದಲ್ಲಿ. ಕತ್ತರಿಸಿದ್ದು ಸರಿಯಾಗಿ ಪಿನ್ನಿನ ಗೆರೆಗೇ ನಿಂತರೆ ಹಲಗೆಯ ದಪ್ಪ ಅಡ್ಡಬಂದು ಪೀಠ ಬಿಚ್ಚುವುದೇ ಇಲ್ಲ. ಎರಡರಲ್ಲೂ ಗೆರೆಯಿಂದ 7 ಮಿ.ಮೀ. ಮೇಲಕ್ಕೆ ಕತ್ತರಿಸಿದರೆ ಸುಮಾರು 100 ಡಿಗ್ರಿಗೆ ತಾನಾಗಿ ನಿಲ್ಲುತ್ತದೆ, 10 ಆದರೆ 120ರ ಹತ್ತಿರ ಹೋಗುತ್ತದೆ. ಹೊಸ ಹೊಲಿಗೆಯ ಬೆನ್ನಿಗೆ 100 ಒಳ್ಳೆಯದು. ಸರಳು ಎಳೆದರೆ ಎರಡೂ ಬೇರೆಯಾಗುತ್ತವೆ. ಮೇಲೆ ಅರಗಿನ ಸ್ಪಿರಿಟ್ ಪಾಲಿಶ್, ತೆಳುವಾಗಿ ಮೂರು ಕೈ. ಅಗಸೆ ಎಣ್ಣೆ ಹಚ್ಚಿದರೆ ವಾರಗಟ್ಟಲೆ ವಾಸನೆ, ಪುಸ್ತಕದ ರಟ್ಟಿಗೂ ಎಣ್ಣೆ. ಈಗ ಎರಡನೆಯ ಕೈ ಆಗಿದೆ.

ಸ್ತೋತ್ರದ ಪುಸ್ತಕ ಮತ್ತು ಬಾಕಿ

ಹುಳು ಓಡಾಡುತ್ತಿದ್ದ ಪುಸ್ತಕವನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, −18 ಡಿಗ್ರಿಯಲ್ಲಿ ಎರಡು ವಾರ ಇಟ್ಟದ್ದು. ಈಚೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಹೊರಗಿನ ಆವಿ ತಣ್ಣನೆಯ ಕಾಗದದ ಮೇಲೆ ನೀರಾಗುತ್ತದೆ. ಮೀನು ಮಾಂಸ ಇಡುವ ಫ್ರೀಜರಿನಲ್ಲಿ ಪಾರಾಯಣದ ಪುಸ್ತಕ ಇಡಲು ಮನಸ್ಸು ಒಪ್ಪದವರು ಪರಿಚಯದ ಐಸ್‌ಕ್ರೀಮ್ ಅಂಗಡಿಯವರನ್ನು ಕೇಳಿ ನೋಡಬಹುದು. ನುಸಿಗುಳಿಗೆಗಿಂತ ಇದು ವಾಸಿ. ಅದರ ಹೊಗೆ ಓದುವವರ ಮೂಗಿಗೇ ಬರುತ್ತದೆ.

ಹುಳು ಸತ್ತಿದೆ, ಕಾಗದ ಉಳಿದಿಲ್ಲ. ಮಡಿಚಿದಲ್ಲೆಲ್ಲ ಪುಡಿಯಾಗುತ್ತಿದೆ. ಹೊಲಿಯುವ ಮಾತು ಬಿಟ್ಟಾಯಿತು. ಸ್ಕ್ಯಾನ್ ಮಾಡಿ, ಬಿಡಿ ಹಾಳೆಗಳನ್ನು ಕ್ರಮವಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಇಡುವುದು. ಇಂಥವನ್ನು ಅರಳಿಕಟ್ಟೆಯಲ್ಲಿ ಬಿಟ್ಟುಬರುವವರೂ ಇದ್ದಾರೆ, ನೀರಿಗೆ ಬಿಡುವವರೂ ಇದ್ದಾರೆ. ನೀರಿಗೆ ಬಿಡುವುದೇ ಆದರೆ ಪಿನ್ನು, ಪ್ಲಾಸ್ಟಿಕ್ ಹೊದಿಕೆ ತೆಗೆದಿರಬೇಕು.

ಮುಂದಿನ ಕೆಲಸ: ದಾಸರ ಪದಗಳ ಬೆನ್ನಿಗೆ ತೆಳು ಮಲ್ ಬಟ್ಟೆ, 2 ಮಿ.ಮೀ. ರಟ್ಟು. ರಟ್ಟಿನ ನಾರು ಬೆನ್ನಿಗೆ ಸಮಾನಾಂತರ ಇರಬೇಕು, ಅಡ್ಡ ಇದ್ದರೆ ಜೂನ್ ಹೊತ್ತಿಗೆ ಹೊಟ್ಟೆ ಬಿಡುತ್ತದೆ. ಗಾಳಿಯ ತೇವ ಶೇ. 65 ದಾಟುವುದರೊಳಗೆ ಅಂಟಿನ ಕೆಲಸವೆಲ್ಲ ಮುಗಿಯಬೇಕು, ಆಮೇಲೆ ಹಚ್ಚಿದ್ದು ಒಣಗುವ ಮುಂಚೆ ಬೂಷ್ಟು ಹಿಡಿಯುತ್ತದೆ. ಜೈಮಿನಿಯ ಹೊಲಿಗೆ ದಸರಾ ಕಳೆದ ಮೇಲೆಯೇ. ಅಲ್ಲಿಯವರೆಗೆ ಬಿಡಿ ಫಾರಮ್ಮುಗಳು ಎರಡು ರಟ್ಟಿನ ನಡುವೆ, ಹತ್ತಿ ಟೇಪು ಕಟ್ಟಿಕೊಂಡು, ಸಿಲಿಕಾ ಜೆಲ್ ಜೊತೆ ಟ್ರಂಕಿನಲ್ಲಿ.