ಹಳೇ ಮ್ಯಾಸಿ 1035: ಮುರಿದ ಸ್ಟಡ್ ಹೊರಗೆ ಬಂತು, ಮ್ಯಾನಿಫೋಲ್ಡ್ ಕೂಡ ಸರಿಯಾಯಿತು

ನಮ್ಮ ಹಳೇ ಮ್ಯಾಸಿ ಫರ್ಗ್ಯುಸನ್ 1035 ಟ್ರ್ಯಾಕ್ಟರಿನ ಇಂಜಿನ್ನಿನಿಂದ ಬರುತ್ತಿದ್ದ ಟಿಕ್ ಟಿಕ್ ಸದ್ದಿಗೆ ಕಾರಣ ಸಿಕ್ಕಿದೆ. ನೋಡಿದವರೆಲ್ಲ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸದ್ದು ಅಂದರು. ಆದರೆ ತಣ್ಣಗಿದ್ದಾಗ ಜೋರಾಗಿ ಬಂದು, ಇಂಜಿನ್ ಬಿಸಿಯಾದ ಮೇಲೆ ತಗ್ಗಿ, ಕಲ್ಟಿವೇಟರ್ ಇಳಿಸಿದ ತಕ್ಷಣ ಮತ್ತೆ ಜಾಸ್ತಿಯಾಗುವ ಸದ್ದು ಟ್ಯಾಪೆಟ್‌ದು ಆಗಿರುವುದು ಕಷ್ಟ. ಅದು ಹೊಗೆ ಸೋರುವ ಸದ್ದು. ಟಾರ್ಚ್ ಹಿಡಿದು ನೋಡಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಇಂಜಿನ್ನಿನ ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಕೊಳವೆ) ಒಂದು ತುದಿಯಲ್ಲಿ ಇಂಜಿನ್ ಹೆಡ್ ಮೇಲೆಲ್ಲ ಮಸಿ. ಅಲ್ಲಿ ನಟ್ಟೂ ಇಲ್ಲ, ಮ್ಯಾನಿಫೋಲ್ಡನ್ನು ಹೆಡ್ಡಿಗೆ ಹಿಡಿದಿಡುವ ತಲೆಯಿಲ್ಲದ ಬೋಲ್ಟು, ಅಂದರೆ ಸ್ಟಡ್ಡೂ ಇಲ್ಲ. ಹೆಡ್ಡಿನ ಮಟ್ಟಕ್ಕೆ ಸರಿಯಾಗಿ ಮುರಿದು, ಉಳಿದ ತುಂಡು ಒಳಗೇ ಕೂತಿದೆ.

ಇಂಥದ್ದರಲ್ಲಿ ಸಾಮಾನ್ಯವಾಗಿ ತುದಿಯ ಸ್ಟಡ್ಡೇ ಮೊದಲು ಮುರಿಯುತ್ತದೆ. ಮ್ಯಾನಿಫೋಲ್ಡ್ ಕಾದಾಗ ಹೆಡ್ಡಿಗಿಂತ ಜಾಸ್ತಿ ಉದ್ದವಾಗುತ್ತದೆ, ಆರಿದಾಗ ವಾಪಸ್ ಬರುತ್ತದೆ, ಆ ಎಳೆದಾಟವೆಲ್ಲ ಎರಡು ತುದಿಗೆ ಬೀಳುತ್ತದೆ. ನಮ್ಮದು ತೆಂಗಿನ ತೋಟ ಬೇರೆ. ನಿಂತ ಸೈಲೆನ್ಸರಿಗೆ ಗರಿ ತಗುಲದ ದಿನವೇ ಇಲ್ಲ, ಆ ಪೆಟ್ಟೂ ಸ್ಟಡ್ಡಿಗೇ ಬೀಳುತ್ತದೆ.

ಪರಿಚಯದ ಮೆಕ್ಯಾನಿಕ್ ಡ್ರಿಲ್ ಹಾಕಿ ಈಜಿ ಔಟ್ (ಮುರಿದ ತುಂಡಿನೊಳಗೆ ಕಚ್ಚಿಸಿ ತಿರುಗಿಸುವ ಕಡ್ಡಿ) ಹೊಡೆಯೋಣ ಅಂದರು. ನಾನು ಬೇಡ ಅಂದೆ. ಅಷ್ಟು ದಪ್ಪ ಸ್ಟಡ್ಡೇ ಮುರಿದಿರುವಾಗ, ಅದರೊಳಗೆ ತೂರುವ ಇನ್ನೂ ಸಣ್ಣ ಕಡ್ಡಿ ತುಕ್ಕು ಹಿಡಿದದ್ದನ್ನು ತಿರುಗಿಸುತ್ತದೆ ಅಂತ ನಂಬುವುದು ಹೇಗೆ? ಅದೂ ಒಳಗೇ ಮುರಿದರೆ ಮುಗಿಯಿತು. ಗಟ್ಟಿ ಉಕ್ಕು, ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಸುಮ್ನೆ ಜಾರುತ್ತದೆ.

ಹಾಗಾಗಿ ವೆಲ್ಡಿಂಗ್. ಬ್ಯಾಟರಿ ವೈರ್ ಬಿಚ್ಚಿ, ಡೀಸೆಲ್ ಪೈಪ್ ಕಡೆಗೆ ತಗಡು ಅಡ್ಡ ಇಟ್ಟು, ಅರ್ತ್ ಕ್ಲಾಂಪನ್ನು ಹೆಡ್ಡಿಗೇ ಹಾಕಿಸಿದೆ. ಮುರಿದ ತುಂಡಿನ ನಡುವೆ ಮೊದಲು ಒಂದು ಬೊಟ್ಟು ವೆಲ್ಡ್, ಅದರ ಮೇಲೆ ದಪ್ಪ ವಾಷರ್ ಇಟ್ಟು ತೂತಿನೊಳಗಿಂದ ವೆಲ್ಡ್, ಆಮೇಲೆ ವೆಲ್ಡಿಂಗ್ ರಾಡ್ ಒಳಗೆ ಹೋಗುವಷ್ಟು ದೊಡ್ಡ ನಟ್ಟು ಇಟ್ಟು ಅದನ್ನೂ ತುಂಬುವುದು. ಸ್ಟಡ್ಡು ಉಕ್ಕು, ಹೆಡ್ಡು ಎರಕದ ಕಬ್ಬಿಣ. ವೆಲ್ಡ್ ಉಕ್ಕನ್ನು ಹಿಡಿದಷ್ಟು ಚೆನ್ನಾಗಿ ಎರಕವನ್ನು ಹಿಡಿಯುವುದಿಲ್ಲ, ಅದೇ ಇಲ್ಲಿ ಅನುಕೂಲ. ಮೊದಲ ಸಲ ನಟ್ಟು ಪಟ್ ಅಂತ ಕಿತ್ತು ಬಂತು. ಬರಲಿ, ಒಂದೇ ಸಲಕ್ಕೆ ಹಿಡಿಯುವುದು ಅಪರೂಪ. ಪ್ರತಿ ಸಲ ವೆಲ್ಡ್ ಮಾಡಿದಾಗಲೂ ತುಂಡು ಕೆಂಪಗೆ ಕಾದು ಹಿಗ್ಗುತ್ತದೆ, ಸುತ್ತಲಿನ ಎರಕ ಅಷ್ಟು ಕಾಯದೆ ಹಾಗೇ ಹಿಡಿದುಕೊಂಡಿರುತ್ತದೆ, ನಡುವಿನ ತುಕ್ಕು ಪುಡಿಯಾಗುತ್ತದೆ. ನಿಜವಾದ ಕೆಲಸ ಮಾಡುವುದು ಆ ಬಿಸಿ. ನಟ್ಟು ಬರೀ ಹಿಡಿಕೆ.

ಕೆಂಪು ಹೋದ ಮೇಲೆ ಮೇಣದ ಬತ್ತಿ ಒತ್ತಿದೆ. ಮೇಣ ಕರಗಿ ಥ್ರೆಡ್ ಒಳಗೆ ಇಳಿಯಿತು. ನೀರು ಮಾತ್ರ ಹಾಕಬೇಡಿ, ಎರಕ ಬಿರುಕು ಬಿಡಬಹುದು. ಸ್ಪ್ಯಾನರ್ ಹಾಕಿ ಬಿಚ್ಚುವ ಕಡೆಗೆ ಒಂದಿಷ್ಟು, ವಾಪಸ್ ಬಿಗಿಯುವ ಕಡೆಗೆ ಒಂದಿಷ್ಟು, ಹೀಗೇ ಆಡಿಸುತ್ತಾ ಹೋದೆ. ಕೀ ಅಂತ ಸದ್ದು ಮಾಡಿಕೊಂಡು ಪೂರ್ತಿ ತುಂಡು ಬಂತು. ಥ್ರೆಡ್ ಒಂದೂ ಹಾಳಾಗಿಲ್ಲ.

ಹೊಸ ಸ್ಟಡ್ ವಿಷಯಕ್ಕೆ ಬಂದರೆ, ಇದು ಪರ್ಕಿನ್ಸ್ ವಿನ್ಯಾಸದ ಸಿಂಪ್ಸನ್ ಇಂಜಿನ್, ಎಲ್ಲ ಇಂಚಿನ ಲೆಕ್ಕ. ನನ್ನದರಲ್ಲಿ ಮೂರು ಸೂತಿನ ಸ್ಟಡ್ (ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ). ಹೆಡ್ ಕಡೆ ಇಂಚಿಗೆ 16 ಥ್ರೆಡ್, ನಟ್ ಕಡೆ 24. ಅಂಗಡಿಯಲ್ಲಿ 10 ಎಂಎಂ ಕೊಟ್ಟು "ಎಲ್ಲಾ ಒಂದೇ ಸಾರ್" ಅನ್ನುತ್ತಾರೆ. ಒಂದೇ ಅಲ್ಲ. ಮೂರು ಸೂತು ಅಂದರೆ 9.5 ಎಂಎಂ, 16 ಥ್ರೆಡ್ಡಿನ ಅಂತರ 1.59 ಎಂಎಂ, 10 ಎಂಎಂ ಬೋಲ್ಟಿನದು 1.5. ಬಲವಂತ ಮಾಡಿದರೆ ಹಿಡಿದಂತೆ ಅನಿಸಿ ಹೆಡ್ಡಿನ ಥ್ರೆಡ್ ತಿಂದು ಹಾಕುತ್ತದೆ. ಲೇತ್‌ನಲ್ಲಿ 8.8 ಗ್ರೇಡಿನ ರಾಡಿನಿಂದ ಎರಡು ಮಾಡಿಸಿದೆ, ಒಂದು ಹಾಕಲು, ಒಂದು ಸ್ಪೇರ್.

ಇಷ್ಟಕ್ಕೇ ಮುಚ್ಚಿಬಿಟ್ಟಿದ್ದರೆ ಹೊಸದೂ ಮುರಿಯುತ್ತಿತ್ತು. ಬಿಚ್ಚಿದ ಮ್ಯಾನಿಫೋಲ್ಡ್ ಮೇಲೆ ನೇರವಾದ ಪಟ್ಟಿ ಇಟ್ಟು ನೋಡಿದರೆ ತುದಿಯಲ್ಲಿ ಅರ್ಧ ಎಂಎಂ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಸಲೀಸಾಗಿ ಹೋಗುತ್ತಿದೆ. ಇಷ್ಟು ಸೊಟ್ಟಗಿರುವುದನ್ನು ನಟ್ಟು ಬಿಗಿದು ಕೂರಿಸಿದರೆ ಸ್ಟಡ್ ಮೇಲೆ ಸದಾ ಎಳೆತ ಇರುತ್ತದೆ, ನಡುವೆ ದಪ್ಪ ಪ್ಯಾಕಿಂಗ್ (ಗ್ಯಾಸ್ಕೆಟ್) ಹಾಕಿದರೂ ಅಷ್ಟೇ. ತಿಪಟೂರಿಗೆ ಒಯ್ದು ಮುಖ ಸಮ ಮಾಡಿಸಿದೆ. ಸ್ಟಡ್ಡಿಗಿಂತ ಇದಕ್ಕೇ ಜಾಸ್ತಿ ಖರ್ಚಾಯಿತು. ಜತೆಗೆ ಎರಡು ತುದಿಯ ತೂತುಗಳನ್ನು ಒಂದು ಎಂಎಂ ಅಗಲ ಮಾಡಿಸಿದೆ, ಕಾದಾಗ ಜರುಗಲು ಜಾಗ ಬೇಕಲ್ವಾ.

ಜೋಡಿಸುವುದು ಸುಲಭ. ಥ್ರೆಡ್ ಕೊರೆಯುವ ಟ್ಯಾಪನ್ನು ಕೈಯಲ್ಲೇ ತಿರುಗಿಸಿ ಹೆಡ್ಡಿನ ಥ್ರೆಡ್ ಸ್ವಚ್ಛ ಮಾಡಿ, ಎರಡು ನಟ್ ಒಂದಕ್ಕೊಂದು ಲಾಕ್ ಮಾಡಿ ಸ್ಟಡ್ ಕೂರಿಸಿದೆ. ಥ್ರೆಡ್ಡಿಗೆ ತಾಮ್ರದ ಗ್ರೀಸ್, ಹೊಸ ಪ್ಯಾಕಿಂಗ್, ಎಲ್ಲ ಕಡೆ ಹಿತ್ತಾಳೆ ನಟ್ಟು. ಹಿತ್ತಾಳೆ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ, ಮುಂದಿನ ಸಲ ಬಿಚ್ಚಲು ಬರುತ್ತದೆ. ನಡುವಿನಿಂದ ಶುರು ಮಾಡಿ ತುದಿಗಳ ಕಡೆಗೆ ಸ್ವಲ್ಪಸ್ವಲ್ಪವೇ ಬಿಗಿದೆ.

ಕಲ್ಟಿವೇಟರ್ ಹಾಕಿ ಒಂದು ಪಟ್ಟಿ ಉತ್ತು, ಪೂರ್ತಿ ಆರಿದ ಮೇಲೆ ನಟ್ಟು ನೋಡಿದರೆ ಎಲ್ಲವೂ ಒಂದಿಷ್ಟು ಸಡಿಲವಾಗಿದ್ದವು, ಪ್ಯಾಕಿಂಗ್ ಕೂತಾಗ ಹಾಗಾಗುತ್ತದೆ. ಮತ್ತೊಮ್ಮೆ ಬಿಗಿದೆ. ಈಗ ಟಿಕ್ ಟಿಕ್ ಇಲ್ಲ, ಮಸಿಯೂ ಇಲ್ಲ. ಟ್ಯಾಪೆಟ್ ಸದ್ದು ಈಗ ಬೇರೆಯಾಗಿ ಕೇಳುತ್ತಿದೆ, ಅದೂ ಸ್ವಲ್ಪ ಇತ್ತು ಅನ್ನಿ. ಇನ್ನೊಂದು ತುದಿಯ ಸ್ಟಡ್ ತುಕ್ಕು ತಿಂದು ಸಣ್ಣಗಾಗಿದೆ, ಗಟ್ಟಿಯಾಗಿ ಕೂತಿರುವುದರಿಂದ ಸದ್ಯಕ್ಕೆ ಮುಟ್ಟಿಲ್ಲ. ಸ್ಪೇರ್ ಟೂಲ್ ಬಾಕ್ಸಿನಲ್ಲಿದೆ. ಇನ್ನು ಸೈಲೆನ್ಸರಿಗೆ ಒಂದು ಆಸರೆ ಪಟ್ಟಿ ಮಾಡಿಸಬೇಕು, ಆಮೇಲೆ ಹೈಡ್ರಾಲಿಕ್ ಸೋರುವುದನ್ನು ಬಿಚ್ಚುತ್ತೇನೆ.