ವಂದೇ ಭಾರತ್ ಬಿಟ್ಟು ಈ ಗೂಡ್ಸ್ ಡಬ್ಬಿ ಯಾಕೆ?

"ಇಷ್ಟೆಲ್ಲ ಕಷ್ಟಪಡ್ತೀರಿ, ಚೆಂದದ ಒಂದು ವಂದೇ ಭಾರತ್ ಮಾಡಬಾರದಾ? ಈ ತುಕ್ಕು ಹಿಡಿದ ಡಬ್ಬಿಗಳನ್ನ ಯಾಕ್ರೀ ಮಾಡ್ತೀರಿ?" ನನ್ನ ಮಾದರಿ ರೈಲು ನೋಡಲು ಬಂದ ನೆಂಟರಿಂದ ಹಿಡಿದು ಎದುರು ಮನೆ ಹುಡುಗರವರೆಗೆ ಎಲ್ಲರದೂ ಇದೇ ಪ್ರಶ್ನೆ.

ವಂದೇ ಭಾರತ್ ಯಾವ ಊರಲ್ಲಿ ಓಡಿದರೂ ವಂದೇ ಭಾರತ್ತೇ. ಗೂಡ್ಸ್ ಡಬ್ಬಿ ಹಾಗಲ್ಲ. ಅದರೊಳಗೆ ಏನಿದೆ, ಎಷ್ಟಿದೆ ಎಂದು ಗೊತ್ತಿಲ್ಲದೆ ಅದನ್ನು ಸರಿಯಾಗಿ ಮಾಡಲು ಬರುವುದೇ ಇಲ್ಲ. ನನ್ನನ್ನು ಹಿಡಿದಿಟ್ಟಿರುವುದು ಅದೇ.

ಬಾಕ್ಸ್‌ಎನ್ ಅನ್ನೇ ತೆಗೆದುಕೊಳ್ಳಿ. ಮೇಲೆ ಮುಚ್ಚಳವಿಲ್ಲದ, ಎತ್ತರದ ಗೋಡೆಯ ಕಂದು ಡಬ್ಬಿ. ಲೆವೆಲ್ ಕ್ರಾಸಿಂಗಿನಲ್ಲಿ ನಿಂತು ನೀವು ಶಪಿಸುತ್ತಾ ಎಣಿಸಿರುವುದು ಬಹುಶಃ ಇದನ್ನೇ. ಮರ್ಮಗೋವಾ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಕುಳೇಂನಿಂದ ಕ್ಯಾಸಲ್‌ರಾಕ್‌ವರೆಗೆ 37ಕ್ಕೆ 1ರ ಘಾಟಿ (37 ಮೀಟರ್ ಸಾಗಿದರೆ ಒಂದು ಮೀಟರ್ ಏರು) ಹತ್ತಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬರುವುದು ಇಂಥ ಡಬ್ಬಿಗಳಲ್ಲಿ. ಬಳ್ಳಾರಿ ಸೀಮೆಯ ಅದಿರು ಹೊತ್ತದ್ದೂ ಇದೇ ಡಬ್ಬಿ. ಆದರೆ ಎರಡನ್ನೂ ಒಂದೇ ಥರ ತುಂಬುವಂತಿಲ್ಲ. ಹಳೆಯ ಬಾಕ್ಸ್‌ಎನ್‌ನ ಒಳಗೆ ಸುಮಾರು 56 ಘನ ಮೀಟರ್ ಜಾಗವಿದೆ, ಹೊರಬಹುದಾದ ಭಾರ 58.8 ಟನ್. ಕಲ್ಲಿದ್ದಲಾದರೆ ಅಂಚಿನವರೆಗೂ ಬರುತ್ತದೆ. ಅದಿರಾದರೆ ಅರ್ಧ ತುಂಬುವ ಮೊದಲೇ ಭಾರದ ಮಿತಿ ಮುಗಿದುಹೋಗುತ್ತದೆ. ಅದಕ್ಕೇ ಗೋಡೆ ತಗ್ಗಿಸಿದ ಬಿಓವೈ ಎಂಬ ಡಬ್ಬಿಯೂ ಬಂತು. ಬಾಕ್ಸ್‌ಎನ್ ಮಾದರಿಯಲ್ಲಿ ಕೆಂಪು ಅದಿರನ್ನು ಗೋಪುರದ ಹಾಗೆ ಪೇರಿಸಿದ್ದು ಕಂಡರೆ ನನಗೆ ನಗು ಬರುತ್ತದೆ. ಬಣ್ಣ ಎಷ್ಟೇ ಚೆನ್ನಾಗಿರಲಿ, ಅಷ್ಟು ಭಾರದ ಡಬ್ಬಿ ನಿಜವಾಗಿ ಗೂಡ್ಸ್ ಯಾರ್ಡಿನಿಂದ ಹೊರಗೆ ಬೀಳುವ ಹಾಗಿಲ್ಲ.

ಇನ್ನು ತೂಕ. ನಾನು ಮಾಡುವುದು ಎಚ್‌ಓ ಸ್ಕೇಲಿನಲ್ಲಿ, ಅಂದರೆ 87ರಲ್ಲಿ ಒಂದು ಪಾಲು. 10.7 ಮೀಟರ್ ಉದ್ದದ ಡಬ್ಬಿ 123 ಮಿಲಿಮೀಟರ್ ಆಗುತ್ತದೆ. ತೂಕವನ್ನು ಮಾತ್ರ ಮೂರು ಸಲ 87ರಿಂದ ಭಾಗಿಸಬೇಕು: ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ, ಎತ್ತರಕ್ಕೊಮ್ಮೆ. ಖಾಲಿ ಬಾಕ್ಸ್‌ಎನ್‌ನ 22.47 ಟನ್ ಹೀಗೆ ಇಳಿದು ಇಳಿದು 34 ಗ್ರಾಂಗೆ ಬಂದು ನಿಲ್ಲುತ್ತದೆ. ಅಷ್ಟು ಹಗುರ ಡಬ್ಬಿ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ಹಾರುತ್ತದೆ, ಉದ್ದ ಗಾಡಿಯ ನಡುವೆ ಸಿಕ್ಕಿಕೊಂಡರೆ ತಿರುವಿನಲ್ಲಿ ಒಳಕ್ಕೆ ಮಗುಚುತ್ತದೆ. ಅಮೆರಿಕದ ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಇದಕ್ಕೊಂದು ಸೂತ್ರ ಕೊಟ್ಟಿದೆ: ಒಂದು ಔನ್ಸ್, ಅದರ ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಆ ಲೆಕ್ಕದಲ್ಲಿ ನಮ್ಮ ಬಾಕ್ಸ್‌ಎನ್ ಸುಮಾರು 97 ಗ್ರಾಂ ಇರಬೇಕು. ಅಂದರೆ ನೋಡಲು ಖಾಲಿ, ತೂಕಕ್ಕೆ ನಲವತ್ತು ಟನ್ ಹೊತ್ತ ಡಬ್ಬಿ!

ಆ ತೂಕವನ್ನು ಎಲ್ಲಿ ಬಚ್ಚಿಡುವುದು? ಗೊಬ್ಬರ, ಸಿಮೆಂಟ್ ಚೀಲ ಸಾಗಿಸುವ ಬಿಸಿಎನ್‌ನಂಥ ಮುಚ್ಚಿದ ಡಬ್ಬಿಯಾದರೆ ಒಳಗೆ ನಾಲ್ಕು ನಟ್ಟು ಅಂಟಿಸಿ ಕೈತೊಳೆದುಕೊಳ್ಳಬಹುದು. ಕಲ್ಲಿದ್ದಲು ತುಂಬಿದ ಬಾಕ್ಸ್‌ಎನ್‌ಗೂ ಚಿಂತೆಯಿಲ್ಲ. ನಟ್ಟಿನ ಮೇಲೆ ಥರ್ಮೋಕೋಲ್ ತುಂಡು, ಅದರ ಮೇಲೆ ಕುಟ್ಟಿ ಜರಡಿ ಹಿಡಿದ ನಿಜವಾದ ಕಲ್ಲಿದ್ದಲು, ನೀರು ಬೆರೆಸಿದ ಫೆವಿಕಾಲ್. ಖಾಲಿ ಬಾಕ್ಸ್‌ಎನ್ ಮಾತ್ರ ಪ್ರಾಣ ತಿನ್ನುತ್ತದೆ, ಮೇಲಿಂದ ನೋಡಿದರೆ ತಳ ಪೂರ್ತಿ ಕಾಣುತ್ತದಲ್ಲ. ತಳಕ್ಕೇ ಕಬ್ಬಿಣದ ತಗಡು ಹಾಕಿ, ಅಡಿಯ ಚೌಕಟ್ಟಿನ ಸಂದುಗಳಿಗೆ ಸೀಸದ ಪಟ್ಟಿ ತುರುಕಬೇಕು. ಒಳಗೋಡೆಗೆ ಬಣ್ಣ ಬಳಿಯುವುದೂ ಬೇಡ, ತುಕ್ಕು ಬಳಿದರೆ ಸಾಕು. ಸರಕು ಉಜ್ಜಿ ಉಜ್ಜಿ ಅಲ್ಲಿ ಬಣ್ಣ ಎಲ್ಲಿ ಉಳಿದಿರುತ್ತದೆ?

ಖಾಲಿಯೋ ತುಂಬಿದೆಯೋ ಎಂಬ ತಾಪತ್ರಯ ನಿಜವಾದ ದೊಡ್ಡ ಡಬ್ಬಿಗೂ ತಪ್ಪಿದ್ದಲ್ಲ. ತುಂಬಿದ ಡಬ್ಬಿಯ 81 ಟನ್ ನಿಲ್ಲಿಸುವ ಬ್ರೇಕನ್ನು ಖಾಲಿ ಡಬ್ಬಿಯ 22 ಟನ್ನಿನ ಮೇಲೆ ಹಾಕಿದರೆ ಗಾಲಿ ಕಚ್ಚಿ ನಿಂತು, ಹಳಿಯ ಮೇಲೆ ಜಾರಿ, ಒಂದು ಕಡೆ ಚಪ್ಪಟೆಯಾಗುತ್ತದೆ. ಅದಕ್ಕೇ ಹಳೆಯ ಬಾಕ್ಸ್‌ಎನ್‌ನ ಪಕ್ಕದಲ್ಲಿ ಒಂದು ಹಿಡಿ ಇದೆ, ಸರಕು ತುಂಬಿದಾಗ ಒಂದು ಕಡೆ, ಇಳಿಸಿದಾಗ ಇನ್ನೊಂದು ಕಡೆ ಕೈಯಿಂದಲೇ ತಿರುಗಿಸಬೇಕು. ಹೊಸ ಡಬ್ಬಿಗಳಲ್ಲಿ ಭಾರ ನೋಡಿ ಬ್ರೇಕ್ ತಾನೇ ಹೊಂದಿಕೊಳ್ಳುವ ಸಾಧನ ಬಂದಿದೆ. ನನ್ನ ಡಬ್ಬಿಗಳಲ್ಲಿ ಆ ಹಿಡಿ ಎಂದರೆ ಗುಂಡುಸೂಜಿಯ ಒಂದು ತುಂಡು. ಕಲ್ಲಿದ್ದಲಿನ ಡಬ್ಬಿಯಲ್ಲಿ ಒಂದು ಕಡೆಗೆ, ಖಾಲಿಯದರಲ್ಲಿ ಇನ್ನೊಂದು ಕಡೆಗೆ ಬಗ್ಗಿಸಿದ್ದೇನೆ. ಇದುವರೆಗೆ ಯಾರೂ ಗಮನಿಸಿಲ್ಲ, ಗಮನಿಸಲಿ ಎಂದು ಮಾಡಿದ್ದೂ ಅಲ್ಲ.

ಬಲ್ಲವರು ಕೆಣಕುವುದು ಬೇರೆ ಕಡೆ. ನಮ್ಮ ಬ್ರಾಡ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್, ಎಚ್‌ಓಗೆ ಇಳಿಸಿದರೆ 19.3 ಆಗಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5ರದ್ದು, ಅದು ವಿದೇಶದ 1435ರ ಅಳತೆಗೆ ಮಾಡಿದ್ದು. ಎದುರಿನಿಂದ ನೋಡಿದರೆ ನನ್ನ ಡಬ್ಬಿ ಕಾಲು ಕೂಡಿಸಿ ನಿಂತಂತೆ ಕಾಣುವುದು ನಿಜ. ಹಳಿ, ಪಾಯಿಂಟ್ ಎಲ್ಲ ಕೈಯಲ್ಲೇ ಮಾಡುವ ತಾಳ್ಮೆ ನನಗಿಲ್ಲ, ಪಕ್ಕದಿಂದ ನೋಡಿ ಅನ್ನುತ್ತೇನೆ. ಡಬ್ಬಿಗೆ ಡಬ್ಬಿ ಜೋಡಿಸುವ ಕೊಂಡಿಯ ವಿಷಯದಲ್ಲಿ ಮಾತ್ರ ಅದೃಷ್ಟ ನಮ್ಮ ಕಡೆಗಿದೆ. ಬಾಕ್ಸ್‌ಎನ್‌ಗೆ ಇರುವುದು ಬೆರಳು ಮಡಿಸಿ ಹಿಡಿದಂಥ ಸೆಂಟರ್ ಬಫರ್ ಕಪ್ಲರ್. ಅಮೆರಿಕದ ಗಾಡಿಗಳದ್ದೂ ಅದೇ ಜಾತಿಯದಾದ್ದರಿಂದ ಅವರಿಗೆಂದು ಮಾಡಿದ ಕೇಡೀ ಕೊಂಡಿಗಳು ನಮ್ಮ ಡಬ್ಬಿಗೂ ಒಪ್ಪುತ್ತವೆ.

58 ಡಬ್ಬಿಯ ಪೂರ್ತಿ ರೇಕ್, ಅಂದರೆ ಇಡೀ ಗೂಡ್ಸ್ ಗಾಡಿ, ಮಾಡಿದರೆ ಎಂಜಿನ್, ಬ್ರೇಕ್‌ವ್ಯಾನ್ ಬಿಟ್ಟೇ ಏಳು ಮೀಟರ್ ದಾಟುತ್ತದೆ. ನಮ್ಮ ಮನೆಯಲ್ಲಿ ಅಷ್ಟು ಉದ್ದದ ಗೋಡೆಯೇ ಇಲ್ಲ, ಹಾಗಾಗಿ ನನ್ನ ಗಾಡಿ ಗಿಡ್ಡ. ವಂದೇ ಭಾರತ್ ಬೇಕೆನ್ನುವ ಹುಡುಗರಿಗೆ ಕಲ್ಲಿದ್ದಲು ಕುಟ್ಟುವ ಕೆಲಸ ಕೊಟ್ಟಿದ್ದೇನೆ.